ಎಲೆ ಹೊಳೀತಿಲ್ಲ, ಎಲೈಸಾ ಮಾತ್ರ ಪಾಸಿಟಿವ್: ಈ ಪಪ್ಪಾಯಿ ಗಿಡಕ್ಕೆ ರೋಗ ತಡೆಯೋ ಶಕ್ತಿ ಇದೆಯಾ ಇಲ್ವಾ?

ಲ್ಯಾಬ್ ಗೂಬೆ:
ಎಲ್ರಿಗೂ ನಮಸ್ಕಾರ. ನಾನು ಪ್ಲಾಂಟ್ ಪೆಥಾಲಜಿ ಎಂಎಸ್ಸಿ ಕೊನೇ ವರ್ಷ, ಥೀಸಿಸ್ ಪಪ್ಪಾಯಿ ಉಂಗುರ ಚುಕ್ಕೆ ರೋಗದ ಮೇಲೆ. ನಮ್ಮ ಲ್ಯಾಬಲ್ಲಿ ಆ ವೈರಸ್ಸಿಗೆ ಜಿಎಫ್‌ಪಿ (ಹಸಿರಾಗಿ ಹೊಳೆಯೋ ಪ್ರೋಟೀನ್) ಜೀನ್ ಸೇರಿಸಿರೋ ಕ್ಲೋನ್ ಒಂದಿದೆ, ವೈರಸ್ ಎಲ್ಲಿ ಬೆಳೆಯುತ್ತೋ ಅಲ್ಲೆಲ್ಲ ಯುವಿ ಟಾರ್ಚ್ ಬಿಟ್ರೆ ಹಸಿರಾಗಿ ಹೊಳೀಬೇಕು. ಮಾಮೂಲಿ ಪಪ್ಪಾಯಿಗೂ, ವಾಸ್ಕಾನ್ಸೆಲಿಯಾ ಕಾಲಿಫ್ಲೋರಾ ಅನ್ನೋ ಕಾಡು ಜಾತಿ ಜೊತೆ ಕ್ರಾಸ್ ಮಾಡಿದ್ರಿಂದ ಬಂದ 8 ಗಿಡಗಳಿಗೂ ಎಲೆ ಮೇಲೆ ಸಣ್ಣ ಗಾಯ ಮಾಡೋ ಕಾರ್ಬೊರಂಡಮ್ ಪುಡಿ ಉದುರಿಸಿ ಆ ವೈರಸ್ ಇರೋ ರಸ ಉಜ್ಜಿದ್ದೆ. ಮಾಮೂಲಿ ಪಪ್ಪಾಯೀಲಿ 10ನೇ ದಿನಕ್ಕೆ ಮೇಲಿನ ಎಳೇ ಎಲೆ ನರ ಹಿಡ್ಕೊಂಡು ಹೊಳೀತು, ಖುಷಿಗೆ ರಾತ್ರಿ 11 ಗಂಟೇಲಿ ಅಮ್ಮಂಗೆ ಫೋಟೊ ಕಳಿಸಿದ್ರೆ "ಇದೇನೇ ಸೀರಿಯಲ್ ಸೆಟ್ಟಾ" ಅಂದ್ರು.

ಕ್ರಾಸ್ ಗಿಡಗಳಲ್ಲಿ ಉಜ್ಜಿದ ಎಲೇಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಹೊಳೀತು, ಅಷ್ಟೇ. ಮೇಲಿನ ಎಲೆಗಳೆಲ್ಲ 25ನೇ ದಿನಕ್ಕೂ ಯುವಿ ಬಿಟ್ರೆ ಬರೀ ಕ್ಲೋರೊಫಿಲ್ ಕೆಂಪು, ರೋಗದ ಲಕ್ಷಣನೂ ಇಲ್ಲ. ಸರಿ, ನಿರೋಧಕ ಅಂತ ಬರೆದುಬಿಡೋಣ ಅನ್ಕೊಂಡು ಯಾವುದಕ್ಕೂ ಇರ್ಲಿ ಅಂತ ಮೇಲಿನ ಎಲೇನೇ ಎಲೈಸಾ (ವೈರಸ್ಸಿನ ಪ್ರೋಟೀನ್ ಇದೆಯಾ ನೋಡೋ ಪರೀಕ್ಷೆ) ಹಾಕಿದ್ರೆ 8ರಲ್ಲಿ 5 ಪಾಸಿಟಿವ್! ನಿನ್ನ ಕೈ ಸರಿ ಇಲ್ಲ ಮತ್ತೆ ಮಾಡು ಅಂದ್ರು ಗೈಡ್. ಮತ್ತೆ ಮಾಡ್ದೆ, ಅದೇ 5. ಹೊಳಪು ಸುಳ್ಳಾ ಎಲೈಸಾ ಸುಳ್ಳಾ?

ಕೆಂಪು ಎಲೆ:
ಎರಡೂ ನಿಜಾನೇ ಇರಬಹುದು ಕಣಮ್ಮ. ನೀನು ನೋಡ್ತಿರೋದು ವೈರಸ್ಸನ್ನಲ್ಲ, ವೈರಸ್ ಹೊತ್ಕೊಂಡಿರೋ ಲಾಟೀನನ್ನ. ದಾರೀಲಿ ಲಾಟೀನು ಬಿಸಾಕಿ ಕತ್ತಲಲ್ಲೇ ಮುಂದೆ ಹೋಗಿದ್ರೆ ನಿಂಗೆ ಕಾಣಲ್ಲ, ಎಲೈಸಾ ಹುಡುಕೋದು ವೈರಸ್ಸಿನ ಹೊರಕವಚದ ಕೋಟ್ ಪ್ರೋಟೀನನ್ನ, ಅದಕ್ಕೆ ಕಾಣುತ್ತೆ.

ಈ ಜಾತಿ ವೈರಸ್‌ಗಳಲ್ಲಿ, ಅಂದ್ರೆ ಪಾಟಿವೈರಸ್‌ಗಳಲ್ಲಿ, ಇದು ಹಳೇ ಕಾಯಿಲೆ. 1992ರಲ್ಲೇ ಡಾಲ್ಯಾ, ಕ್ಯಾರಿಂಗ್ಟನ್ ಅವ್ರೆಲ್ಲ ಟೊಬ್ಯಾಕೊ ಎಚ್ (etch) ವೈರಸ್ಸಿಗೆ ಗಸ್ ಜೀನ್ ಸೇರಿಸಿದ್ರು (ಆಗ ಜಿಎಫ್‌ಪಿ ಎಲ್ಲಿತ್ತು, ಎಲೆ ಕಿತ್ತು ಬಣ್ಣ ಹಾಕಿ ನೀಲಿ ಬರುತ್ತಾ ನೋಡೋದೇ ಗತಿ), ಗಿಡದಿಂದ ಗಿಡಕ್ಕೆ ದಾಟಿಸ್ತಾ ಹೋದಂಗೆ ಆ ಜೀನ್ ತುಂಡಾಗಿ ಉದುರಿಹೋಗಿರೋ ವೈರಸ್ಸುಗಳು ಬರೋಕೆ ಶುರುವಾದ್ವು. ನಿನ್ನ ವೈರಸ್ಸಿನ ಆರ್‌ಎನ್‌ಎ ಸುಮಾರು 10,300 ಅಕ್ಷರ, ಜಿಎಫ್‌ಪಿ ಇನ್ನೊಂದು 720. ದಾರದ ಥರ ಉದ್ದ ಇರೋ ವೈರಸ್ ಆದ್ರಿಂದ ಅಷ್ಟು ಹೆಚ್ಚು ಹಿಡಿಸುತ್ತೆ, ಆದ್ರೆ ಅದರಿಂದ ವೈರಸ್ಸಿಗೆ ಮೂರು ಕಾಸಿನ ಲಾಭ ಇಲ್ಲ, ಕಳ್ಕೊಂಡಿದ್ದೇ ಬೇಗ ಬೆಳೆಯುತ್ತೆ.

ಇನ್ನೊಂದು ವಿಷ್ಯ, ಜಿಎಫ್‌ಪಿ ಎಲ್ಲಿ ಸೇರಿಸಿದ್ದಾರೆ? ಎನ್‌ಐಬಿ (ವೈರಸ್ಸಿನ ಆರ್‌ಎನ್‌ಎ ನಕಲು ಮಾಡೋ ಪ್ರೋಟೀನ್) ಮತ್ತೆ ಕೋಟ್ ಪ್ರೋಟೀನ್ ನಡುವೆನಾ? ಪಾಟಿವೈರಸ್ ತನ್ನ ಹೆಚ್ಚುಕಮ್ಮಿ ಎಲ್ಲಾ ಪ್ರೋಟೀನೂ ಒಂದೇ ಉದ್ದಕ್ಕೆ ಮಾಡ್ಕೊಂಡು ಆಮೇಲೆ ತನ್ನ ಕತ್ತರಿಯಿಂದ ತಾನೇ ಕತ್ತರಿಸ್ಕೊಳ್ಳುತ್ತೆ, ಹಾಗಾಗಿ ಜಿಎಫ್‌ಪಿ ಬಿಡಿಯಾಗಿ ಬರಬೇಕಂದ್ರೆ ಅದರ ಎರಡೂ ಕಡೆ ಕತ್ತರಿ ಜಾಗ ಇಡಬೇಕು. ಎರಡೂ ಕಡೆ ಅದೇ ಅಕ್ಷರಗಳ ಸಾಲು ಇಟ್ಟಿದ್ರೆ ಆ ಎರಡು ತುಂಡು ಒಂದನ್ನೊಂದು ಹೋಲಿ ನಡುವಿಂದು ಎಗರಿಹೋಗುತ್ತೆ. ಅಮೈನೊ ಆಮ್ಲ ಅದೇ ಬರೋ ಹಾಗೆ ಒಂದು ಕಡೆ ಕೋಡಾನ್ (ಅಮೈನೊ ಆಮ್ಲ ಸೂಚಿಸೋ ಮೂರಕ್ಷರ) ಬದಲಾಯಿಸಿದ್ದಾರಾ ಕೇಳು.

ಈಗ ಮಾಡಬೇಕಾದ್ದು: ಸೇರಿಸಿರೋ ಜಾಗದ ಆಚೆ ಈಚೆ ಪ್ರೈಮರ್ ಇಟ್ಟು ಆರ್‌ಟಿ-ಪಿಸಿಆರ್ (ಆ ನಡುವಿನ ತುಂಡನ್ನ ನಕಲು ಮಾಡಿ ಉದ್ದ ನೋಡೋ ಪರೀಕ್ಷೆ) ಹಾಕು. ಜಿಎಫ್‌ಪಿ ಇದ್ರೆ ದೊಡ್ಡ ಬ್ಯಾಂಡ್, ಬಿದ್ದಿದ್ರೆ ಚಿಕ್ಕದು. ಮಾಮೂಲಿ ಪಪ್ಪಾಯಿದೂ ಪಕ್ಕದಲ್ಲೇ ಓಡಿಸು.

ಆನೇಕಲ್ ಪುಟ್ಟಣ್ಣ:
ಮೇಲೆ ಹೇಳಿದ್ದು ಸರಿ. ಆದ್ರೆ ಆ ಹುಡುಗಿ ಪ್ರಯೋಗದಲ್ಲಿ ಎಲ್ರೂ ದಾಟಿಹೋಗ್ತಿರೋ ಮಾತೊಂದಿದೆ, ಉಜ್ಜಿದ ಎಲೇಲಿ ಸಣ್ಣ ಚುಕ್ಕೆ ಹೊಳೀತು ಅಂದ್ರಲ್ಲ, ನನ್ನ ಪ್ರಕಾರ ಇಡೀ ಪ್ರಯೋಗದ ಜೀವ ಅಲ್ಲಿದೆ. ಚುಕ್ಕೇನೇ ಇಲ್ದೆ ಇದ್ರೆ ವೈರಸ್ ಜೀವಕೋಶದೊಳಗೇ ಬೆಳೀತಿಲ್ಲ ಅಂತ. ಚುಕ್ಕೆ ಬಂದು ಹಿಗ್ಗದೆ ನಿಂತ್ರೆ ಕೋಶದಿಂದ ಕೋಶಕ್ಕೆ ಹೋಗೋಕೆ ತಡೆ. ಚುಕ್ಕೆ ದೊಡ್ಡದಾಗಿ ಎಲೆಯೆಲ್ಲ ಹರಡಿನೂ ಮೇಲಕ್ಕೆ ಹೋಗ್ಲಿಲ್ಲ ಅಂದ್ರೆ ನಾಳದಲ್ಲಿ ಸಾಗೋಕೆ ತಡೆ. ಅರಾಬಿಡಾಪ್ಸಿಸ್ ಅನ್ನೋ ಪ್ರಯೋಗದ ಗಿಡದಲ್ಲಿ ವೈರಸ್ ಸಾಗೋದನ್ನ ತಡೆಯೋ ಆರ್‌ಟಿಎಂ ಜೀನ್‌ಗಳು ಸಿಕ್ಕಿದ್ದು ಹೀಗೇ: ಆ ಟೊಬ್ಯಾಕೊ ಎಚ್ ವೈರಸ್ಸು ಕೊಲಂಬಿಯಾ ತಳೀಲಿ ಉಜ್ಜಿದ ಎಲೇಲಿ ಆರಾಮಾಗಿ ಬೆಳೀತಿತ್ತು, ಮೇಲಕ್ಕೆ ಮಾತ್ರ ಹೋಗ್ತಿರ್ಲಿಲ್ಲ. ಬರೀ ಮೇಲಿನ ಎಲೆ ಪರೀಕ್ಷೆ ಮಾಡಿದ್ರೆ ಈ ಮೂರಕ್ಕೂ "ನೆಗೆಟಿವ್" ಅಂತ ಒಂದೇ ಉತ್ತರ ಬರುತ್ತೆ. ಆದ್ದರಿಂದ 3, 5, 7ನೇ ದಿನ ಅದೇ ಚುಕ್ಕೇನ ಸ್ಕೇಲ್ ಇಟ್ಟು ಫೋಟೊ ತೆಗೀರಿ, ಒಂದೇ ಎಕ್ಸ್‌ಪೋಷರ್‌ನಲ್ಲಿ. ಆಟೊ ಮೋಡಲ್ಲಿ ತೆಗೆದ್ರೆ ಕತ್ತಲೆ ಎಲೇನೂ ಹೊಳೆಯೋ ಹಾಗೆ ಮಾಡುತ್ತೆ ಮೊಬೈಲು.

ಪಾಲಿಹೌಸಲ್ಲಿ ಟೆಂಪರೇಚರ್ ಬರೆದಿಡ್ತಿದ್ದೀರಾ? ಎನ್ ಅನ್ನೋ ನಿರೋಧಕ ಜೀನ್ ಇರೋ ತಂಬಾಕು ಟಿಎಂವಿನ (ತಂಬಾಕು ಮೊಸಾಯಿಕ್ ವೈರಸ್) ಚುಕ್ಕೇಲೇ ಕಟ್ಟಿಹಾಕುತ್ತೆ, 28 ಡಿಗ್ರಿ ಮೇಲೆ ಹೋದ್ರೆ ಕೈ ಬಿಡುತ್ತೆ. ನಿಮ್ಮ ಗಿಡದ್ದು ಅದೇ ಥರ ಅಂತಲ್ಲ, ಆದ್ರೆ ಏಪ್ರಿಲ್‌ನಲ್ಲಿ ಮಾಡಿದ್ದನ್ನ ಡಿಸೆಂಬರ್‌ನಲ್ಲಿ ಮಾಡಿದ್ದಕ್ಕೆ ಹೋಲಿಸಬೇಡಿ.

ಗುಂಟೂರ್ ಖಾರ:
ನಡುವೆ ಬಾಯಿ ಹಾಕ್ತಿದ್ದೀನಿ ಸಾರಿ. ಮೆಣಸಿನಕಾಯಿ ಎಲೆ ಮುಟುರು ರೋಗದ ವೈರಸ್ಸಿಗೂ ಹೀಗೇ ಜಿಎಫ್‌ಪಿ ಸೇರಿಸಬಹುದಾ?

ಕೆಂಪು ಎಲೆ:
ಕಷ್ಟ. ಅದು ಬೆಗೊಮೊವೈರಸ್, ಒಂದೊಂದು ಡಿಎನ್‌ಎ ಉಂಗುರನೂ ಸುಮಾರು 2,700 ಅಕ್ಷರ ಅಷ್ಟೇ, ಅದರ ಡಬ್ಬಿಯೊಳಗೆ ಇನ್ನೊಂದು 720 ತುರುಕೋಕೆ ಜಾಗ ಇಲ್ಲ. ಎರಡು ಉಂಗುರ ಇರೋ ಕೆಲವದ್ರಲ್ಲಿ ಕೋಟ್ ಪ್ರೋಟೀನ್ ತೆಗೆದು ಆ ಜಾಗಕ್ಕೆ ಜಿಎಫ್‌ಪಿ ಇಡ್ತಾರೆ, ಗಿಡದೊಳಗೆ ಓಡಾಡುತ್ತೆ, ಆದ್ರೆ ಕೋಟ್ ಇಲ್ದೆ ಬಿಳಿ ನೊಣ ಹೊತ್ಕೊಂಡು ಹೋಗಲ್ಲ. ಒಂದೇ ಉಂಗುರದ್ದಾದ್ರೆ ಕೋಟ್ ತೆಗೆದ್ರೆ ಮೇಲಕ್ಕೇ ಹೋಗಲ್ಲ, ಮುಗೀತು ಕತೆ.

ಜಮಖಂಡಿ ರೈತ:
ನಿಮ್ಮ ಮಾತು ಅರ್ಧ ತಿಳೀತ್ರಿ, ಅರ್ಧ ತಲಿ ಮ್ಯಾಲೆ ಹೋತು. ಹ್ವಾದ ವರ್ಷ ಎರಡು ಎಕರೆ ಪಪ್ಪಾಯಿ ಹಚ್ಚಿದ್ದೆ, ಎಲಿ ಎಲ್ಲಾ ದಾರ ಆದಂಗ ಆಗಿ ಕಾಯಿ ಮ್ಯಾಲ ಉಂಗುರ ಬಿದ್ದು ಪ್ಯಾಟಿಯಾಗ ಯಾರೂ ಮೂಸ್ಲಿಲ್ಲ. ನಾವು ಇದನ್ನ ಕಳಕೋಬೇಕಂತ ಒದ್ದಾಡಾಕತ್ತೀವಿ, ನೀವು ಬೆಳೆಸಿ ದೀಪಾ ಹಚ್ಚಾಕತ್ತೀರಿ. ಇದು ಹೊರಗ ಬಿದ್ರ ಯಾರು ಜವಾಬ್ದಾರಿ? ಇದ್ರಿಂದ ನಮಗೇನರ ಉಪಯೋಗ ಐತೇನ್ರಿ?

ಆನೇಕಲ್ ಪುಟ್ಟಣ್ಣ:
ಕೇಳಬೇಕಾದ ಪ್ರಶ್ನೇನೇ ಕೇಳಿದ್ರಿ ಯಜಮಾನ್ರೆ. ಜೀನ್ ಬದಲಾಯಿಸಿದ ಜೀವಿಗಳ ಬಗ್ಗೆ ಇರೋ 1989ರ ನಿಯಮದ ಪ್ರಕಾರ ಇಂಥ ಕೆಲಸಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಇರಬೇಕು, ಸಸ್ಯಹೇನು ನುಗ್ಗದ ಬಲೆ ಮನೆ ಬೇಕು, ಗಿಡ ಆಟೊಕ್ಲೇವ್ ಮಾಡಿಯೇ (ಒತ್ತಡದ ಬಿಸಿ ಹಬೇಲಿ ಬೇಯಿಸಿ) ಎಸೀಬೇಕು. ಈ ವೈರಸ್ಸನ್ನ ಹೇನು ಸೆಕೆಂಡುಗಳಲ್ಲಿ ಎತ್ಕೊಂಡು ಅಷ್ಟೇ ಬೇಗ ಇನ್ನೊಂದು ಗಿಡಕ್ಕೆ ಚುಚ್ಚಿಬಿಡುತ್ತೆ, ನೀವು ಔಷಧಿ ಹೊಡೆದ್ರೂ ರೋಗ ನಿಲ್ಲದೇ ಇರೋದಕ್ಕೆ ಕಾರಣನೂ ಅದೇ, ಹೇನು ಸಾಯೋ ಹೊತ್ತಿಗೆ ಕೆಲಸ ಮುಗಿಸಿರುತ್ತೆ. ತೋಟದ ಸುತ್ತ ಜೋಳ ಇಲ್ಲಾ ಮೆಕ್ಕೆಜೋಳ ಒತ್ತಾಗಿ ಹಾಕಿ, ಬಂದ ಹೇನು ಮೊದ್ಲು ಅಲ್ಲಿ ಚುಚ್ಚಿ ಬಾಯಿ ಒರೆಸ್ಕೊಳ್ಳುತ್ತೆ.

ಉಪಯೋಗ ಅಂದ್ರೆ, ನಿಮಗೆ ನಾಳೆ ಯಾರಾದ್ರೂ "ರೋಗ ಬರದ ತಳಿ" ಅಂತ ಸಸಿ ಕೊಟ್ರೆ ಅದು ನಿಜವಾಗ್ಲೂ ವೈರಸ್ ತಡೆಯುತ್ತಾ, ಇಲ್ಲಾ ವೈರಸ್ ಒಳಗಿಟ್ಕೊಂಡೇ ಮೇಲೆ ಚೆನ್ನಾಗಿ ಕಾಣುತ್ತಾ ಅನ್ನೋದು ಗೊತ್ತಾಗಬೇಕು. ಎರಡನೇದಾದ್ರೆ ನಿಮ್ಮ ಕಾಯಿ ಉಳಿಯುತ್ತೆ, ನಿಮ್ಮ ತೋಟದಿಂದ ಪಕ್ಕದವ್ರ ತೋಟ ಹಾಳಾಗುತ್ತೆ.

ಜಮಖಂಡಿ ರೈತ:
ಈಗ ತಿಳೀತ್ರಿ. ಬಾಜೂ ತೋಟ ನಮ್ಮ ತಮ್ಮಂದ.

ಲ್ಯಾಬ್ ಗೂಬೆ:
ಪಿಸಿಆರ್ ಆಯ್ತು! ಎಲೈಸಾ ಪಾಸಿಟಿವ್ ಬಂದ 5ರಲ್ಲಿ 4 ಗಿಡದ ಮೇಲಿನ ಎಲೇಲಿ ಬರೀ ಚಿಕ್ಕ ಬ್ಯಾಂಡ್, ಒಂದ್ರಲ್ಲಿ ಎರಡೂ ಇದೆ ಆದ್ರೆ ದೊಡ್ಡದು ತುಂಬಾ ಮಸುಕು. ಮಾಮೂಲಿ ಪಪ್ಪಾಯೀಲಿ 10ನೇ ದಿನದ ಎಲೇಲಿ ದೊಡ್ಡದೊಂದೇ, 25ನೇ ದಿನಕ್ಕೆ ಅದರಲ್ಲೂ ಚಿಕ್ಕದು ಶುರುವಾಗಿದೆ. ಕ್ಲೋನ್ ಕಟ್ಟಿದ ಸೀನಿಯರ್‌ಗೆ ಫೋನ್ ಮಾಡಿದ್ರೆ ಕತ್ತರಿ ಜಾಗ ಎರಡೂ ಕಡೆ ಅದೇ ಅಕ್ಷರಗಳ ಸಾಲು ಇಟ್ಟಿದ್ದಾರಂತೆ, "ಆಗ ಯಾರೂ ಹೇಳ್ಲಿಲ್ಲ ಕಣೇ" ಅಂದ್ರು. ಅಂದ್ರೆ ನನ್ನ 5 ಗಿಡ ವೈರಸ್ಸನ್ನ ತಡೆದಿಲ್ಲ, ಬರೀ ತಡ ಮಾಡಿದ್ದಾವೆ, ಅಷ್ಟರಲ್ಲಿ ಲಾಟೀನು ಬಿದ್ದುಹೋಗಿದೆ.

ಕೆಂಪು ಎಲೆ:
ಅಷ್ಟು ಬೇಗ ತೀರ್ಮಾನ ಬೇಡ. ಹೊರೆ ಹೊತ್ತ ವೈರಸ್ ಮೊದಲೇ ಸ್ವಲ್ಪ ಬಡವ, ಅದನ್ನ ತಡ ಮಾಡಿದ ಗಿಡ ಅಸಲಿ ವೈರಸ್ ಮುಂದೆ ತಡ ಮಾಡುತ್ತೆ ಅಂತ ಗ್ಯಾರಂಟಿ ಇಲ್ಲ. ಜಿಎಫ್‌ಪಿ ಇಲ್ಲದ್ದನ್ನೂ ಉಜ್ಜಿ ನೋಡು. ಮತ್ತೆ ಸಾಲು ಸಾಲಾಗಿ ಗಿಡದಿಂದ ಗಿಡಕ್ಕೆ ದಾಟಿಸಿದ ರಸ ಬಳಸಬೇಡ, ಪ್ರತಿ ಸಲ ಕ್ಲೋನಿಂದಾನೇ ಹೊಸದಾಗಿ ಝುಕಿನೀಲಿ ಬೆಳೆಸಿ ತಗೋ. ಉಳಿದ 3 ಏನಾಯ್ತು?

ಲ್ಯಾಬ್ ಗೂಬೆ:
ಅದನ್ನೇ ಹೇಳೋಕೆ ಬಂದೆ. ಆ 3 ಗಿಡದ ಮೇಲಿನ ಎಲೆ ಪಿಸಿಆರ್‌ನಲ್ಲೂ ಖಾಲಿ, ದೊಡ್ಡದೂ ಇಲ್ಲ ಚಿಕ್ಕದೂ ಇಲ್ಲ. ಹಳೇ ಫೋಟೊ ತೆಗೆದು ನೋಡಿದ್ರೆ ಉಜ್ಜಿದ ಎಲೇಲಿ ಚುಕ್ಕೆ ಇದ್ದಿದ್ದಂತೂ ನಿಜ, 5ನೇ ದಿನ ಎಷ್ಟಿತ್ತೋ 9ನೇ ದಿನನೂ ಅಷ್ಟೇ. ಪುಟ್ಟಣ್ಣ ಸರ್, ಸ್ಕೇಲ್ ಇಟ್ಟಿರ್ಲಿಲ್ಲ, ಬೈಬೇಡಿ, ಎಲೆ ನರ ಹಿಡಿದು ಅಳೆದೆ. ಝುಕಿನಿ ಬೀಜ ಇವತ್ತು ಹಾಕಿದ್ದೀನಿ.