ಹೊಸ ಕಂಪನಿಯ 401ಕೆ: ಟೆಸ್ಟ್ ಪಾಸಾಗುತ್ತಾ, ಸೇಫ್ ಹಾರ್ಬರ್ ಬೇಕಾ?

ಪ್ರಶ್ನೆ, ಪ್ಲೇನೋ: ಈ ಜುಲೈನಲ್ಲಿ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದ್ದೇನೆ. ನಾನು, ಹೆಂಡತಿ, ಜೊತೆಗೆ 8 ಜನ. ಇದೇ ವರ್ಷ 401ಕೆ (ಸಂಬಳದಿಂದ ಕಟ್ಟುವ ಅಮೆರಿಕದ ನಿವೃತ್ತಿ ಉಳಿತಾಯ ಪ್ಲಾನ್) ತೆರೆದರೆ ಎಡಿಪಿ ಟೆಸ್ಟ್ (ಮಾಲೀಕರು, ಹೆಚ್ಚು ಸಂಬಳದವರು ಹಾಕುವ ಪರ್ಸೆಂಟ್ ಉಳಿದ ಸ್ಟಾಫಿಗಿಂತ ತೀರಾ ಜಾಸ್ತಿ ಆಗಬಾರದು ಅನ್ನೋ ಲೆಕ್ಕ) ಪಾಸಾಗುತ್ತಾ? ಸೇಫ್ ಹಾರ್ಬರ್ (ಕಂಪನಿಯೇ ಸ್ಟಾಫಿಗೆ ಇಷ್ಟು ಅಂತ ಹಾಕಿ ಆ ಟೆಸ್ಟ್ ತಪ್ಪಿಸಿಕೊಳ್ಳುವ ದಾರಿ) ಒಳ್ಳೇದಾ? ಅನುಭವ ಇದ್ದವರು ಹೇಳಿ.

ಎಡಿಸನ್: ಸರ್, ನಮಗಾಗಿದ್ದು ಕೇಳಿ. 2025 ನಮ್ಮ ಮೊದಲ ವರ್ಷ. ನಾನೂ ಹೆಂಡತಿಯೂ ತಲಾ 23,500 ಡಾಲರ್ ಹಾಕಿದೆವು. ನನ್ನ ಸಂಬಳ 1,50,000, ಅವಳದು 60,000. ಅಂದರೆ ನನ್ನದು 15.67 ಪರ್ಸೆಂಟ್, ಅವಳದು 39ರ ಮೇಲೆ. ಮೊದಲ ವರ್ಷ ಅಂತ ಸ್ಟಾಫ್ ಸರಾಸರಿ 3 ಎಂದು ಹಿಡಿದರು, ಪ್ಲಾನಿನ ಕಾಗದದಲ್ಲಿ ಹಾಗೇ ಇತ್ತು. ಆಗ ನಮ್ಮ ಸರಾಸರಿ 5 ದಾಟುವ ಹಾಗಿಲ್ಲ. ಇಬ್ಬರಿಗೂ ತಲಾ 18,250 ವಾಪಸ್ ಬಂತು, ಅದರ ಮೇಲಿನ ಗಳಿಕೆ ಬೇರೆ. ಎಲ್ಲಕ್ಕೂ ಟ್ಯಾಕ್ಸ್. ಪ್ಲಾನ್ ನೋಡಿಕೊಳ್ಳುವವರು ಲೆಕ್ಕ ಕೊಟ್ಟಿದ್ದು ಮಾರ್ಚ್ 15 ಕಳೆದ ಮೇಲೆ. ಹಾಗಾಗಿ ಕಂಪನಿ ಮೇಲೆ 10 ಪರ್ಸೆಂಟ್ ದಂಡ, 3,650 ಡಾಲರ್! ಫೀಸ್ ಮಾತ್ರ ತಿಂಗಳು ತಿಂಗಳೂ ತಪ್ಪದೆ ಕಿತ್ತುಕೊಂಡರು.

ಷಾರ್ಲೆಟ್: ನಾನು ಮೊದಲ ದಿನದಿಂದಲೇ ಸೇಫ್ ಹಾರ್ಬರ್. ಎಲ್ಲರಿಗೂ 3 ಪರ್ಸೆಂಟ್, ಅವರು ಹಾಕಲಿ ಬಿಡಲಿ. ಸ್ಟಾಫ್ ಸಂಬಳ ಒಟ್ಟು 5 ಲಕ್ಷ, ವರ್ಷಕ್ಕೆ 15,000 ಹೋಗುತ್ತೆ. ಹಾಕಿದ ಕೂಡಲೇ ಅದು ಅವರದು. ಒಬ್ಬ ಕೆಲವೇ ತಿಂಗಳಿಗೆ ಬೇರೆ ಕಡೆ ಹಾರಿದ, ದುಡ್ಡೂ ಅವನ ಜೊತೆ ಹೋಯ್ತು. ಹೊಟ್ಟೆ ಉರಿಯಿತು. ಆದರೂ ಎಡಿಪಿ ಇಲ್ಲ, ಟಾಪ್ ಹೆವಿ (ಪ್ಲಾನಿನ ದುಡ್ಡು ಮಾಲೀಕರ ಕಡೆಯೇ ಹೆಚ್ಚಿದೆಯಾ ಅಂತ ನೋಡುವ ಟೆಸ್ಟ್) ಇಲ್ಲ, ನೆಮ್ಮದಿ. ಸ್ಟಾರ್ಟಪ್ ಕ್ರೆಡಿಟ್, ಅಂದರೆ ಹೊಸ ಪ್ಲಾನ್ ತೆರೆದ ಕಂಪನಿಗೆ ಟ್ಯಾಕ್ಸಿನಲ್ಲಿ ಕಡಿತ, ವರ್ಷಕ್ಕೆ 5,000ವರೆಗೂ ಸಿಗುತ್ತೆ. 39 ಪರ್ಸೆಂಟ್ ನೋಡಿದಾಗಲೇ ಯಾರಿಗಾದರೂ ಗೊತ್ತಾಗಬೇಕಿತ್ತು, ಎಡಿಸನ್ ಸರ್.

ಎಡಿಸನ್: ಮೇಡಂ, ನಮ್ಮ ಹತ್ತಿರ ಆಗ 15,000 ಇರಲಿಲ್ಲ. ಆ ಕ್ರೆಡಿಟ್ ತಲೆಗೆ 250ರ ಲೆಕ್ಕ. 8 ಜನಕ್ಕೆ 2,000 ಅಷ್ಟೇ. ಜನರ ದಾರಿ ತಪ್ಪಿಸಬೇಡಿ.

ಷಾರ್ಲೆಟ್: ಅದು ಪ್ಲಾನ್ ನಡೆಸುವ ಖರ್ಚಿನದು. ನೌಕರರಿಗೆ ನೀವು ಹಾಕುವ ದುಡ್ಡಿಗೆ ತಲಾ 1,000ವರೆಗೆ ಇನ್ನೊಂದಿದೆ, ಸಂಬಳ ಜಾಸ್ತಿ ಇರುವವರಿಗೆ ಸಿಗಲ್ಲ. ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬನ್ನಿ.

ಫ್ರೀಮಾಂಟ್: ಓನರ್‌ಗಳ ಗೋಳೇ ಆಯ್ತು. ನಾನು ಬರೀ ನೌಕರ. 2024ರಲ್ಲಿ ಸಂಬಳ 1,55,000 ದಾಟಿತು ಅಂತ 2025ಕ್ಕೆ ನನ್ನನ್ನೂ ಎಚ್‌ಸಿಇ (ಹೆಚ್ಚು ಸಂಬಳದವರು) ಸಾಲಿಗೆ ಸೇರಿಸಿದರು. ಓನರ್ ಹೆಂಡತಿ, ಮಗನಿಗೂ ಸಂಬಳ ತೋರಿಸಿ ಮೂವರೂ ಭರ್ತಿ ಹಾಕಿದರು. ಮಾಲೀಕನ ಹೆಂಡತಿ ಮಕ್ಕಳೂ ಈ ಟೆಸ್ಟಿಗೆ ಮಾಲೀಕರೇ. ಸರಾಸರಿ ಏರಿತು, ಟೆಸ್ಟ್ ಫೇಲ್, ನನಗೂ 9,200 ವಾಪಸ್. ಅದಕ್ಕೆ ಬಂದಿದ್ದ ಕಂಪನಿ ಮ್ಯಾಚೂ (ನಾನು ಹಾಕಿದ್ದಕ್ಕೆ ಕಂಪನಿ ಸೇರಿಸಿದ ದುಡ್ಡು) ಹೋಯ್ತು. ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಬೇರೆ.

ಎಡಿಸನ್: ನನ್ನ ಹೆಂಡತಿ ಬಿಲ್ಲಿಂಗ್, ಪೇರೋಲ್, ಎಚ್-1ಬಿ ಕಾಗದಪತ್ರ ಎಲ್ಲ ನೋಡುತ್ತಾಳೆ. ‘ಸಂಬಳ ತೋರಿಸಿ’ ಅನ್ನೋ ಮಾತು ವಾಪಸ್ ತಗೊಳ್ಳಿ.

ಅಟ್ಲಾಂಟಾ: 401ಕೆ ಯಾಕ್ರೀ? ಸಿಂಪಲ್ ಐಆರ್‌ಎ (ಸಣ್ಣ ಕಂಪನಿಗಳಿಗಿರುವ ಸರಳ ನಿವೃತ್ತಿ ಪ್ಲಾನ್) ಮಾಡಿ. ಟೆಸ್ಟೇ ಇಲ್ಲ, 3 ಪರ್ಸೆಂಟ್ ಮ್ಯಾಚ್ ಮಾಡಿದರೆ ಮುಗೀತು. ಸೇಫ್ ಹಾರ್ಬರ್‌ಗೆ ಮೊದಲ ವರ್ಷ ಪ್ಲಾನ್ 3 ತಿಂಗಳಾದರೂ ನಡೆಯಬೇಕು, ಅಕ್ಟೋಬರ್ 1 ದಾಟಿದರೆ ಕೆಟ್ಟಿರಿ.

ಷಾರ್ಲೆಟ್: ಕಂಪನಿಯೇ ಹೊಸದಾಗಿದ್ದು ಬೇಗ ಪ್ಲಾನ್ ಮಾಡಿದರೆ ಆ 3 ತಿಂಗಳಿಗೆ ವಿನಾಯಿತಿ ಇದೆ. ಸಿಂಪಲ್‌ನಲ್ಲಿ ಮೊದಲ 2 ವರ್ಷದೊಳಗೆ ದುಡ್ಡು ತೆಗೆದರೆ 25 ಪರ್ಸೆಂಟ್ ದಂಡ, ಅದನ್ನೂ ಹೇಳಿ.

ಫ್ರೀಮಾಂಟ್: ಎಡಿಸನ್ ಸರ್, ನಿಮ್ಮ ಹೆಂಡತಿ ಬಗ್ಗೆ ನಾನು ಒಂದಕ್ಷರವೂ ಆಡಿಲ್ಲ. ನನ್ನ ಓನರ್ ಮಗ ಕಾಲೇಜಿನಲ್ಲಿದ್ದ, ಆಫೀಸಿಗೆ ಒಂದು ದಿನವೂ ಬಂದಿಲ್ಲ. ಮಾತು ವಾಪಸ್ ತಗೊಳ್ಳಲ್ಲ.