28 ಇಂಚಿನ ರಾಡ್ ಬ್ರೇಕ್ ಸೈಕಲ್‌ಗೆ ಹಬ್ ಮೋಟಾರ್ ಕಿಟ್ ಕೂರುತ್ತಾ? (ಶ್ರೀರಂಗಪಟ್ಟಣ – ಮೇಟಗಳ್ಳಿ ಓಡಾಟಕ್ಕೆ)

ಪಟ್ಟಣದ_ಸವಾರ

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದಿಂದ ಮೇಟಗಳ್ಳಿ ಕೈಗಾರಿಕಾ ಪ್ರದೇಶಕ್ಕೆ ದಿನಾ ಹೋಗಿ ಬರಬೇಕು, ಒಂದು ಕಡೆಗೆ ಸುಮಾರು 14 ಕಿ.ಮೀ. ಇರೋದು 28 ಇಂಚಿನ ಕಪ್ಪು ಸೈಕಲ್: ಕಬ್ಬಿಣದ ಫ್ರೇಮು, ರಾಡ್ ಬ್ರೇಕು, ಗೇರಿಲ್ಲ. ಆನ್‌ಲೈನ್‌ನಲ್ಲಿ 36 ವೋಲ್ಟ್, 250 ವ್ಯಾಟ್‌ನ ಮುಂದಿನ ಚಕ್ರದ ಹಬ್ ಮೋಟಾರ್ (ಚಕ್ರದ ನಡುವಿನ ಹಬ್ಬಿನೊಳಗೇ ಮೋಟಾರು ಇರುವ) ಕಿಟ್ ನೋಡಿದೆ. 26 ಇಂಚಿನ ರಿಮ್ಮಿಗೆ ಕಟ್ಟಿದ ಚಕ್ರ, ಕಂಟ್ರೋಲರ್, ಥ್ರಾಟಲ್, ಪೆಡಲ್ ಸೆನ್ಸರ್, ಕಟ್‌ಆಫ್ ಇರುವ ಬ್ರೇಕ್ ಲಿವರ್ ಎಲ್ಲಾ ಜೊತೆಗೇ ಬರುತ್ತೆ, ಬ್ಯಾಟರಿ ಬೇರೆ ತಗೋಬೇಕು. ಇದು ನನ್ನ ಸೈಕಲ್‌ಗೆ ಕೂರುತ್ತಾ? ಬ್ಯಾಟರಿ ಎಷ್ಟು ಆಂಪ್ ಅವರ್ ಬೇಕು? ಆರ್‌ಟಿಒ ನೋಂದಣಿ ಬೇಕಾ? ಸವಾರ, ಸೈಕಲ್, ಬ್ಯಾಗು ಎಲ್ಲಾ ಸೇರಿ 110 ಕೆ.ಜಿ. ಆಗುತ್ತೆ.

ಕಡ್ಡಿ_ಕಟ್ಟುವವ

ಆ ಕಿಟ್ಟು ತಗೋಬೇಡಿ ಸರ್. ಮೋಟಾರು ಕೆಟ್ಟದ್ದು ಅಂತಲ್ಲ, ನಿಮ್ಮ ಸೈಕಲ್‌ಗೆ ಅದು ಹೊಂದೋದಿಲ್ಲ.

ಮುಖ್ಯ ತೊಡಕು ಬ್ರೇಕಿನದು. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕಕ್ಕೆ ಒತ್ತೋದಿಲ್ಲ, ಕಡ್ಡಿ ಇರುವ ಒಳಮೈಗೆ ಕೆಳಗಿನಿಂದ ಮೇಲಕ್ಕೆ ಎಳೆದು ಒತ್ತುತ್ತೆ. ಅದಕ್ಕೆ ಒಳಮೈಯಲ್ಲಿ ಎರಡು ಸಾಲು ಹಾದಿ ಇರುವ ಹಳೇ ನಮೂನೆಯ ಉಕ್ಕಿನ ರಿಮ್ಮೇ ಬೇಕು. ಕಿಟ್ಟಿನ ಜೊತೆ ಬರೋದು ಅಲ್ಯೂಮಿನಿಯಂ ರಿಮ್ಮು, ಅದು ವಿ-ಬ್ರೇಕಿಗೋ (ರಿಮ್ಮಿನ ಪಕ್ಕ ಹಿಡಿಯುವ ಬ್ರೇಕು) ಡಿಸ್ಕಿಗೋ ಮಾಡಿದ್ದು. ಅದರ ಮೇಲೆ ರಾಡ್ ಬ್ರೇಕ್ ಹಿಡಿಯೋದಿಲ್ಲ. ಅಂದ್ರೆ ಮೋಟಾರು ಹಾಕಿದ ಚಕ್ರಕ್ಕೆ ಬ್ರೇಕೇ ಇರೋದಿಲ್ಲ, ಅದೂ ಮುಂದಿನ ಚಕ್ರಕ್ಕೆ.

ಎರಡನೇದು ಅಳತೆ. ನಿಮ್ಮ 28 ಇಂಚಿನ ಟೈರು ಕೂರೋ ಜಾಗದ ವ್ಯಾಸ 635 ಮಿ.ಮೀ., ಗೇರ್ ಸೈಕಲ್‌ಗಳ 26 ಇಂಚಿನ ರಿಮ್ಮಿನದು 559 ಮಿ.ಮೀ. ರಿಮ್ಮು 38 ಮಿ.ಮೀ. ಕೆಳಗೆ ಹೋಗುತ್ತೆ, ಮಡ್‌ಗಾರ್ಡೂ ಬ್ರೇಕೂ ಎಲ್ಲೋ ಇದ್ದರೆ ರಿಮ್ಮು ಇನ್ನೆಲ್ಲೋ. 26 x 1 3/8 ಅಂತ ಬರೆದ ಟೈರು ಮತ್ತೊಂದು ಅಳತೆ, ಅದು 590. ಮೂರೂ ಒಂದಕ್ಕೊಂದು ಬದಲಾಗೋದಿಲ್ಲ. ಟೈರಿನ ಪಕ್ಕದಲ್ಲಿ ಒತ್ತಿರುವ ಸಂಖ್ಯೆ ಓದದೆ ‘26 ಇಂಚು’ ಅಂತ ಆರ್ಡರ್ ಕೊಡಬೇಡಿ.

ಮೋಟಾರನ್ನು ನಿಮ್ಮ ರಿಮ್ಮಿಗೇ ಕಟ್ಟಿಸೋಣ ಅಂದ್ರೆ ಕಡ್ಡಿ ಲೆಕ್ಕ ಕೂಡೋದಿಲ್ಲ. ಈ ಸೈಕಲ್‌ಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಹಬ್ ಮೋಟಾರುಗಳು ಸಾಮಾನ್ಯವಾಗಿ 36 ತೂತಿನವು.

ಇನ್ನು ಫೋರ್ಕು. ಮೋಟಾರ್ ಆಕ್ಸಲ್ 12 ಮಿ.ಮೀ. ದಪ್ಪ, ಎರಡು ಕಡೆ ಚಪ್ಪಟೆ ಮಾಡಿ 10 ಮಿ.ಮೀ. ಮಾಡಿರ್ತಾರೆ. ನಿಮ್ಮ ಮುಂದಿನ ಆಕ್ಸಲ್ 8 ಮಿ.ಮೀ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಹಿಂದಕ್ಕೆ ತಿರುಗೋಕೆ ಒದ್ದಾಡುತ್ತೆ, ಅದನ್ನು ತಡೆದು ಹಿಡಿಯೋದು ಆ ಚಪ್ಪಟೆ ಭಾಗ ಫೋರ್ಕಿನ ತುದಿಯ ಕಚ್ಚಿನೊಳಗೆ (ಆಕ್ಸಲ್ ಕೂರುವ ಸೀಳು) ಬಿಗಿಯಾಗಿ ಕೂತಿರೋದು ಮಾತ್ರ. ಕಚ್ಚನ್ನು ಅರ ಹಾಕಿ 8ರಿಂದ 10ಕ್ಕೆ ಅಗಲ ಮಾಡಿದರೆ ಅಂಚು ತೆಳ್ಳಗಾಗುತ್ತೆ. ಒಂದು ದಿನ ಆಕ್ಸಲ್ ಸುತ್ತಿ ಕೇಬಲ್ ಹರಿದುಕೊಳ್ಳುತ್ತೆ, ಇಲ್ಲವೇ ಚಕ್ರವೇ ಕಳಚಿ ಬರುತ್ತೆ.

ಮಂಡ್ಯ_ಫ್ರೀವೀಲ್

ಮೇಲಿನವರು ಹೇಳಿದ್ದು ಸರಿ. ಆದರೆ ಆ ಸೈಕಲ್‌ಗೆ ದಾರಿಯೇ ಇಲ್ಲ ಅಂತೇನಿಲ್ಲ. ಪಕ್ಕದಲ್ಲಿ ಕೂರಿಸುವ ಚೈನ್ ಮೋಟಾರ್ ಕಿಟ್ ನೋಡಿ: 24 ವೋಲ್ಟ್, 250 ವ್ಯಾಟ್, ಬ್ರಶ್ ಇರುವ ಗೇರ್ ಮೋಟಾರು, 9 ಹಲ್ಲಿನ ಸ್ಪ್ರಾಕೆಟ್ಟು, ಒಂದು ಬ್ರಾಕೆಟ್ಟು, ಎರಡು ಹಲ್ಲುಸಾಲಿನ ಫ್ರೀವೀಲು (ಹಿಂದಿನ ಚಕ್ರದ ಹಲ್ಲುಚಕ್ರ). ಒಂದು ಸಾಲಿಗೆ ಪೆಡಲ್ ಚೈನು, ಇನ್ನೊಂದಕ್ಕೆ ಮೋಟಾರ್ ಚೈನು. ಎರಡು ಚಕ್ರವೂ ರಾಡ್ ಬ್ರೇಕೂ ಇದ್ದ ಹಾಗೇ ಉಳಿಯುತ್ತೆ. 18 ಹಲ್ಲಿನ ಸಾಲಿಗೆ ಹಾಕಿದರೆ ಗಂಟೆಗೆ 20 ಕಿ.ಮೀ. ಆಸುಪಾಸು ಬರುತ್ತೆ. ಮಂಡ್ಯದ ನಾಲೆ ಬಯಲಿನ ಸಮತಟ್ಟು ರಸ್ತೆಗೆ, ಕ್ಯಾರಿಯರ್ ಮೇಲೆ ಹಾಲಿನ ಕ್ಯಾನ್ ಇಟ್ಟು ಹೋಗೋರಿಗೆ ಇದು ಸಾಕು.

ಜೋಡಿಸುವಾಗ ಎಡವಟ್ಟಾಗೋದು ಇಲ್ಲಿ: ಜೋಡಿ ಫ್ರೀವೀಲ್ ಹೊರಕ್ಕೆ ಚಾಚುತ್ತೆ, ಚೈನು ಫ್ರೇಮಿಗೆ ಉಜ್ಜುತ್ತೆ. ಬಲಗಡೆ ಆಕ್ಸಲ್‌ಗೆ 3ರಿಂದ 5 ಮಿ.ಮೀ. ವಾಷರ್ ಸೇರಿಸಿ, ಆಮೇಲೆ ಚಕ್ರ ಮಧ್ಯಕ್ಕೆ ಬರೋ ಹಾಗೆ ಕಡ್ಡಿ ಬಿಗಿ ಬದಲಿಸಿ ಬೆಂಡ್ ತೆಗೆಸಬೇಕು. ಪೂರ್ತಿ ಮುಚ್ಚಿದ ಚೈನ್ ಕವರ್ ಬಿಚ್ಚಲೇಬೇಕು. ಬಿಗಿ ಮಾಡೋ ಕ್ರಮ ತಪ್ಪಬಾರದು. ಮೊದಲು ಹಿಂದಿನ ಚಕ್ರ ಎಳೆದು ಪೆಡಲ್ ಚೈನಿನ ಸಡಿಲ 12 ಮಿ.ಮೀ.ಗೆ ತನ್ನಿ, ಚಕ್ರದ ನಟ್ಟು ಬಿಗಿಯಾದ ಮೇಲೆ ಬ್ರಾಕೆಟ್ಟಿನ ಉದ್ದ ತೂತಿನಲ್ಲಿ ಮೋಟಾರು ಸರಿಸಿ ಎರಡನೇ ಚೈನು ಬಿಗಿ ಮಾಡಿ. ಉಲ್ಟಾ ಮಾಡಿದರೆ ಎರಡೂ ಕೂರೋದಿಲ್ಲ.

ಬ್ರಾಕೆಟ್ಟನ್ನು ಒಂದೇ ಕ್ಲಾಂಪಿನಲ್ಲಿ ಹಿಡಿಸಬೇಡಿ. ಮೋಟಾರು ಎಳೆದಾಗ ಅದು ಚಕ್ರದ ಕಡೆಗೆ ವಾಲುತ್ತೆ, ಚೈನು ಸಡಿಲವಾಗಿ ಹಲ್ಲು ಹಾರುತ್ತೆ. ಎರಡು ಕ್ಲಾಂಪು, ಮಧ್ಯೆ ಸೈಕಲ್ ಟ್ಯೂಬಿನ ಒಂದು ಸುತ್ತು ರಬ್ಬರು ಹಾಕಿ. ಈ ಮೋಟಾರು ಪೂರ್ಣ ಹೊರೆಯಲ್ಲಿ 13–14 ಆಂಪ್ ಎಳೆಯುತ್ತೆ, ಬ್ಯಾಟರಿಯಿಂದ ಕಂಟ್ರೋಲರಿಗೆ 2.5 ಚದರ ಮಿ.ಮೀ. ತಾಮ್ರದ ವೈರು ಬೇಕು. ಕಟ್‌ಆಫ್ ಲಿವರ್ ರಾಡ್ ಬ್ರೇಕಿಗೆ ಆಗೋದಿಲ್ಲ. ಬದಲಿಗೆ ಹ್ಯಾಂಡಲ್ ಹತ್ತಿರ ರಾಡ್ ಮೇಲಕ್ಕೆ ಎದ್ದ ಕೂಡಲೇ ಒತ್ತಿಕೊಳ್ಳೋ ಹಾಗೆ ಒಂದು ಮೈಕ್ರೋ ಸ್ವಿಚ್ ಕೂರಿಸಿ, ಅದರ ಎರಡು ವೈರು ಕಂಟ್ರೋಲರಿನ ಬ್ರೇಕ್ ಕನೆಕ್ಟರಿಗೆ ಕೊಡಿ.

ಕಡ್ಡಿ_ಕಟ್ಟುವವ

ಮಂಡ್ಯದ ಬಯಲಿಗೆ ಒಪ್ಪುತ್ತೇನೆ. ಮೇಟಗಳ್ಳಿ ದಾರಿಗೆ ಒಪ್ಪೋದಿಲ್ಲ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ರಾಡ್ ಬ್ರೇಕ್ ಜಾರುತ್ತೆ. 12–15ರ ವೇಗದಲ್ಲಿ ಹೇಗೋ ನಡೆಯುತ್ತೆ, 110 ಕೆ.ಜಿ. ಹೊತ್ತು ಇಳಿಜಾರಿನಲ್ಲಿ 25ರಲ್ಲಿ ಬರುವಾಗ ಸಾಲದು. ಬ್ರೇಕ್ ಎಷ್ಟು ಹಿಡಿಯುತ್ತೋ ಅಷ್ಟಕ್ಕೇ ಮೋಟಾರು ಹಾಕಬೇಕು. ಮನೆಯಲ್ಲಿ ಡಿಸ್ಕ್ ಅಥವಾ ವಿ-ಬ್ರೇಕಿನ ಗೇರ್ ಸೈಕಲ್ ಏನಾದರೂ ಇದೆಯಾ?

ಪಟ್ಟಣದ_ಸವಾರ

ಇದೆ ಸರ್. 26 ಇಂಚು, ಟೈರಿನ ಮೇಲೆ 559 ಅಂತಲೇ ಇದೆ. ಕಬ್ಬಿಣದ ಫ್ರೇಮು, ಹಿಂದೆ 7 ಗೇರಿನ ತಿರುಪಿನ ಫ್ರೀವೀಲು, ಎರಡು ಕಡೆಯೂ ಡಿಸ್ಕ್. ಹಿಂದಿನ ಚಕ್ರ ಬಿಚ್ಚಿ ಫ್ರೇಮಿನ ಒಳ ಅಂತರ ಅಳೆದೆ, 135 ಮಿ.ಮೀ. ಇದೆ.

ಕಡ್ಡಿ_ಕಟ್ಟುವವ

ಇದು ಸರಿಯಾದ ಸೈಕಲ್. ಹಿಂದಿನ ಚಕ್ರದ ಗೇರ್ಡ್ ಹಬ್ ಮೋಟಾರ್ (ಒಳಗೆ ಸಣ್ಣ ಗೇರುಗಳಿರುವಂಥದ್ದು) ತಗೊಳ್ಳಿ: 36 ವೋಲ್ಟ್, 250 ವ್ಯಾಟ್, 135 ಮಿ.ಮೀ., ತಿರುಪಿನ ಫ್ರೀವೀಲಿಗೆ ಆಗುವಂಥದ್ದು, 6 ಬೋಲ್ಟಿನ ಡಿಸ್ಕ್ ತೂತು ಇರುವಂಥದ್ದು. ಇವೆಲ್ಲವನ್ನೂ ಅಂಗಡಿಯವರಿಂದ ಖಚಿತ ಮಾಡ್ಕೊಳ್ಳಿ. ಒಂದು ಟಾರ್ಕ್ ಆರ್ಮ್ (ಆಕ್ಸಲ್ ಸುತ್ತದ ಹಾಗೆ ಹಿಡಿಯುವ ಪಟ್ಟಿ) ಬೇರೆಯಾಗಿ ತರಿಸಿ.

ಹಳೇ ಚಕ್ರದಿಂದ ಫ್ರೀವೀಲ್ ಬಿಚ್ಚೋಕೆ ಹಲ್ಲಿನ ಪುಲ್ಲರ್ ಬೇಕು, ಸೈಕಲ್ ಅಂಗಡಿಯಲ್ಲಿ ಬಿಚ್ಚಿಸಿ. ಹೊಸ ಹಬ್ಬಿಗೆ ಗ್ರೀಸ್ ಸವರಿ ಕೈಯಲ್ಲೇ ತಿರುಗಿಸಿ ಕೂರಿಸಿ. ಮೊದಲ ಎರಡು ಸುತ್ತು ಸಲೀಸಾಗಿ ಹೋಗದಿದ್ದರೆ ಹೊರತೆಗೆದು ಮತ್ತೆ ಹಿಡಿಸಿ, ಒತ್ತಾಯ ಮಾಡಿದರೆ ಹಬ್ಬಿನ ಅಲ್ಯೂಮಿನಿಯಂ ತಿರುಪಿನ ಎಳೆ ಹಾಳಾಗುತ್ತೆ. ಡಿಸ್ಕ್ ಹಾಕಿದ ಮೇಲೆ ಕ್ಯಾಲಿಪರ್ ಮೋಟಾರಿನ ಮೈಗೆ ತಾಗುತ್ತಾ ನೋಡಿ. ತಾಗಿದರೆ ಡಿಸ್ಕಿನ ಕೆಳಗೆ ತೆಳು ಸ್ಪೇಸರ್ ಕೊಟ್ಟು ಕ್ಯಾಲಿಪರನ್ನೂ ಅಷ್ಟೇ ಸರಿಸಬೇಕು.

ಚಕ್ರ ಕೂರಿಸುವಾಗ ಆಕ್ಸಲ್‌ನ ಚಪ್ಪಟೆ ಭಾಗ ಕಚ್ಚಿನ ತಳ ಮುಟ್ಟಬೇಕು. ಪೇಂಟು ಅಡ್ಡ ಬಂದರೆ ಪೇಂಟು ಮಾತ್ರ ಅರದಿಂದ ತೆಗೆಯಿರಿ, ಲೋಹವನ್ನಲ್ಲ. ನಿಮ್ಮ ಡಿರೇಲರ್ (ಗೇರ್ ಬದಲಿಸುವ ಭಾಗ) ಆಕ್ಸಲ್ ನಟ್ಟಿನಡಿ ಸಿಕ್ಕಿಸುವ ಕೊಕ್ಕೆಯ ಮೇಲಿದ್ದರೆ ಆ ತಗಡು ಓರೆಯಾಗದೆ ಮಟ್ಟಸವಾಗಿ ಕೂತಿದೆಯಾ ನೋಡಿ. ಟಾರ್ಕ್ ಆರ್ಮನ್ನು ಆಕ್ಸಲ್‌ಗೆ ತೊಡಿಸಿ ಇನ್ನೊಂದು ತುದಿಯನ್ನು ಫ್ರೇಮಿನ ಕೊಳವೆಗೆ ಕ್ಲಾಂಪ್ ಮಾಡಿ. ನಟ್ಟು 35–40 ನ್ಯೂಟನ್ ಮೀಟರ್ ಬಿಗಿ. ಟಾರ್ಕ್ ಸ್ಪ್ಯಾನರ್ ಇರುವ ಬೈಕ್ ಗ್ಯಾರೇಜಿನಲ್ಲಿ ಬಿಗಿ ಮಾಡಿಸಿ, ಅಂದಾಜಿನ ಮೇಲೆ ಬಿಡಬೇಡಿ. ಆಕ್ಸಲ್‌ನಿಂದ ಹೊರಡುವ ಕೇಬಲ್ ಮೊದಲು ಕೆಳಕ್ಕೆ ಬಾಗಿ ಆಮೇಲೆ ಮೇಲಕ್ಕೆ ಹೋಗಬೇಕು. ನೇರ ಮೇಲಕ್ಕೆ ಕಟ್ಟಿದರೆ ಮಳೆನೀರು ಕೇಬಲ್ ಹಿಡಿದು ಮೋಟಾರಿನೊಳಕ್ಕೇ ಇಳಿಯುತ್ತೆ.

ಮೊದಲ 100 ಕಿ.ಮೀ. ಆದ ಮೇಲೆ ನಟ್ಟೂ ಕಡ್ಡಿಗಳೂ ಮತ್ತೆ ಬಿಗಿ ನೋಡಲೇಬೇಕು. ಕಿಟ್ಟಿನ ಚಕ್ರಗಳನ್ನು ಅವಸರದಲ್ಲಿ ಕಟ್ಟಿರ್ತಾರೆ. ಸಡಿಲ ಕಡ್ಡಿ ಒಂದು ಮುರಿದರೆ ಪಕ್ಕದವೂ ಸಾಲಾಗಿ ಮುರಿಯುತ್ತವೆ.

ವೋಲ್ಟ್_ಮೈಸೂರು

ವೈರಿಂಗ್ ಬಗ್ಗೆ ನಾನು ಬರೀತೀನಿ. ಮೋಟಾರಿನಿಂದ ದಪ್ಪ ವೈರು 3 (ಹಳದಿ, ಹಸಿರು, ನೀಲಿ), ಸಣ್ಣ ಹಾಲ್ ಸೆನ್ಸರ್ (ಮೋಟಾರು ಯಾವ ಸ್ಥಾನದಲ್ಲಿದೆ ಅಂತ ಹೇಳುವ ಸೆನ್ಸರು) ವೈರು 5. ಇವುಗಳಲ್ಲಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಉಳಿದ ಮೂರು ಸಿಗ್ನಲ್. ಎಲ್ಲಾ ಜೋಡಿಸಿ, ಬ್ಯಾಟರಿ ಕೊನೆಗೆ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 20 ಆಂಪ್ ಡಿಸಿ ಫ್ಯೂಸ್ ಇರಲಿ.

ಹಿಂದಿನ ಚಕ್ರ ನೆಲದಿಂದ ಎತ್ತಿ ಪರೀಕ್ಷೆ ಮಾಡಿ. ಥ್ರಾಟಲ್ ಸಿಗ್ನಲ್ ಬಿಟ್ಟಾಗ 0.8–0.9 ವೋಲ್ಟ್, ಪೂರ್ತಿ ತಿರುಗಿಸಿದಾಗ 3.6ರಿಂದ 4.2ರ ನಡುವೆ ಬರಬೇಕು. ಹೊರೆಯಿಲ್ಲದೆ ಗೇರ್ಡ್ ಹಬ್ ಸುಮಾರು 1 ಆಂಪ್ ಒಳಗೇ ಎಳೆಯುತ್ತೆ. ಗುರುಗುಟ್ಟಿ, ಅದುರಿ, 3–4 ಆಂಪ್ ಎಳೆದರೆ ದಪ್ಪ ವೈರಿಗೂ ಹಾಲ್ ವೈರಿಗೂ ಜೋಡಿ ತಪ್ಪಿದೆ ಅಂತ ಅರ್ಥ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಯಾವಾಗಲೂ ಸರಿ ಬರುತ್ತೆ ಅಂತಿಲ್ಲ, ಮೋಟಾರೊಂದು ಕಂಪನಿ ಕಂಟ್ರೋಲರೊಂದು ಕಂಪನಿ ಆದಾಗ ವಿಶೇಷವಾಗಿ. ಕಂಟ್ರೋಲರಿನಲ್ಲಿ ಸೆಲ್ಫ್ ಲರ್ನ್ ವೈರು ಇದ್ದರೆ ಅವೆರಡನ್ನು ಕೂಡಿಸಿ, ಚಕ್ರ ಮುಂದಕ್ಕೆ ನಯವಾಗಿ ತಿರುಗಿದ ಮೇಲೆ ಬೇರೆ ಮಾಡಿ. ಮೋಟಾರಿನ ಸದ್ದು ಬಂದು ಚಕ್ರ ತಿರುಗದಿದ್ದರೆ ಅದು ಒಳಗೆ ಉಲ್ಟಾ ತಿರುಗುತ್ತಿದೆ, ಒಳಗಿನ ಕ್ಲಚ್ ಒಂದೇ ದಿಕ್ಕಿಗೆ ಹಿಡಿಯುತ್ತೆ.

ಎರಡೂ ಬ್ರೇಕ್ ಲಿವರನ್ನು ಒಂದೊಂದಾಗಿ ಒತ್ತಿ, ಥ್ರಾಟಲ್ ಪೂರ್ತಿ ಇದ್ದರೂ ಮೋಟಾರು ನಿಲ್ಲುತ್ತಾ ನೋಡಿ. ಇದನ್ನು ಬಿಡಲೇಬೇಡಿ. ಥ್ರಾಟಲಿನ ಗ್ರೌಂಡ್ ವೈರು ತುಂಡಾದರೆ ಸಿಗ್ನಲ್ ಮೇಲಕ್ಕೆ ಹೋಗಿ ಕೆಲವು ಕಂಟ್ರೋಲರುಗಳಲ್ಲಿ ಮೋಟಾರು ತಾನಾಗಿಯೇ ಪೂರ್ಣ ವೇಗಕ್ಕೆ ಏರುತ್ತೆ. ಆಗ ಕೈಯಲ್ಲಿರೋದು ಆ ಕಟ್‌ಆಫ್ ಒಂದೇ.

ಬ್ಯಾಟರಿ ಲೆಕ್ಕ: ತುಳಿಯದೆ ಥ್ರಾಟಲ್‌ನಲ್ಲೇ ಹೋದರೆ ಕಿ.ಮೀ.ಗೆ 12–14 ವ್ಯಾಟ್ ಅವರ್, ಹದವಾಗಿ ತುಳಿದರೆ 7–9. ಶ್ರೀರಂಗಪಟ್ಟಣಕ್ಕಿಂತ ಮೈಸೂರು 80–90 ಮೀಟರ್ ಎತ್ತರದಲ್ಲಿದೆ, ಆ ಏರಿಗೆ 35 ವ್ಯಾಟ್ ಅವರ್ ಹೆಚ್ಚುವರಿ. ತುಳಿಯುತ್ತಾ 28 ಕಿ.ಮೀ. ಹೋಗಿ ಬಂದರೆ ಸುಮಾರು 260. 36 ವೋಲ್ಟ್ 10 ಆಂಪ್ ಅವರ್ ಅಂದ್ರೆ 360, ಅದರಲ್ಲಿ ನೂರಕ್ಕೆ 80 ಪಾಲು ಮಾತ್ರ ಬಳಸಿದರೆ 288. ಕೂಡುತ್ತೆ, ಆದರೆ ಎದುರುಗಾಳಿಗೂ ಬ್ಯಾಟರಿ ಹಳೆಯದಾಗೋದಕ್ಕೂ ಜಾಗ ಉಳಿಯೋದಿಲ್ಲ. 13 ಆಂಪ್ ಅವರ್ ತಗೊಳ್ಳಿ. ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟು) ಕನಿಷ್ಠ 20 ಆಂಪಿನದಿರಲಿ, ಕಂಟ್ರೋಲರ್ ಏರಿನಲ್ಲಿ 15 ಎಳೆಯುತ್ತೆ.

ಕೊಳ್ಳುವಾಗ ತೂಕ ಹಾಕಿ. ಬ್ಯಾಟರಿಯೊಳಗಿನ ದುಂಡನೆಯ 18650 ಲಿಥಿಯಂ ಸೆಲ್ ಒಂದಕ್ಕೆ 45–48 ಗ್ರಾಂ. 2.6 ಆಂಪ್ ಅವರ್ ಸೆಲ್‌ನಲ್ಲಿ 13 ಮಾಡೋಕೆ 10 ಸಾಲು, ಸಾಲಿಗೆ 5, ಒಟ್ಟು 50 ಸೆಲ್ ಬೇಕು. ಸೆಲ್ಲೇ ಎರಡೂಕಾಲು ಕೆ.ಜಿ. ಮೇಲಾಗುತ್ತೆ. ಅಂಥ ಸೆಲ್ಲಿನದು ಅಂತ ಹೇಳಿದ ಪ್ಯಾಕು ಒಂದೂವರೆ ಕೆ.ಜಿ. ತೂಗಿದರೆ ಲೇಬಲ್ ಸುಳ್ಳು.

ಚಾರ್ಜರ್ 42.0 ವೋಲ್ಟಿನದೇ ಆಗಬೇಕು. 12 ಸೆಲ್‌ನ ಐರನ್ ಫಾಸ್ಫೇಟ್ ಪ್ಯಾಕಿನ ಚಾರ್ಜರ್ 43.8 ವೋಲ್ಟು, ಪ್ಲಗ್ ಒಂದೇ ಥರ ಇದ್ದರೂ ಅದನ್ನು ಹಾಕಬೇಡಿ. ಬಿಸಿಲಲ್ಲಿ ನಿಂತ ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ, ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಬಿಡಬೇಡಿ.

ಕಾನೂನು: ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ಪ್ರಕಾರ ಮೋಟಾರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ. ಒಳಗೆ ಇರುವುದು ಮೋಟಾರು ವಾಹನದ ಲೆಕ್ಕಕ್ಕೆ ಬರೋದಿಲ್ಲ. ಲೇಬಲ್ ಮೇಲೆ 250 ವ್ಯಾಟ್ ಅಂತಿದ್ದರೂ ಮೂವತ್ತು ನಿಮಿಷದ ಶಕ್ತಿ ಈ ಮಿತಿಗಿಂತ ಕಡಿಮೆ ಅಂತ ಪ್ರಮಾಣಪತ್ರ ಕೊಡುವ ಕಿಟ್ಟನ್ನೇ ಆರಿಸಿ. ಕಂಟ್ರೋಲರಿನ ವೇಗ ಮಿತಿ ವೈರು ಬಿಚ್ಚಬೇಡಿ, 500 ವ್ಯಾಟಿನ ಆಸೆಗೆ ಹೋಗಬೇಡಿ. ಮಿತಿ ದಾಟಿದರೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲಾ ಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೂ ಪ್ರವೇಶವಿಲ್ಲ, ನೀವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಪಟ್ಟಣದ_ಸವಾರ

ತುಂಬಾ ಉಪಕಾರ. ಎರಡೇ ಪ್ರಶ್ನೆ: ಮಳೆಯಲ್ಲಿ ಓಡಿಸಬಹುದಾ? ಭಾನುವಾರ ಚಾಮುಂಡಿ ಬೆಟ್ಟ ಹತ್ತುತ್ತಾ?

ವೋಲ್ಟ್_ಮೈಸೂರು

ಮಳೆಯಲ್ಲಿ ಓಡಿಸಬಹುದು, ನಿಂತ ನೀರಲ್ಲಿ ಆಕ್ಸಲ್ ಮುಳುಗಬಾರದು. ಪ್ರೆಶರ್ ವಾಶ್ ಬೇಡವೇ ಬೇಡ. ಕಂಟ್ರೋಲರನ್ನು ವೈರು ಕೆಳಮುಖವಾಗಿರೋ ಹಾಗೆ ಕಟ್ಟಿ. ಮಳೆ ನಂತರ ಡಿಸ್‌ಪ್ಲೇ ಬೆಳಗಿ ಮೋಟಾರು ಮಾತ್ರ ಸತ್ತಿದ್ದರೆ ಕಂಟ್ರೋಲರ್ ಸುಟ್ಟಿದೆ ಅಂದುಕೊಳ್ಳಬೇಡಿ. ಥ್ರಾಟಲ್, ಹಾಲ್, ಪೆಡಲ್ ಸೆನ್ಸರ್ ಮೂರಕ್ಕೂ ಒಂದೇ 5 ವೋಲ್ಟ್ ಹೋಗುತ್ತೆ, ಒಂದರ ಕನೆಕ್ಟರಿನಲ್ಲಿ ನೀರು ನಿಂತರೆ ಮೂರೂ ನಿಲ್ಲುತ್ತವೆ. ಒಂದೊಂದೇ ಬಿಚ್ಚುತ್ತಾ ಮೀಟರ್ ಇಟ್ಟು ನೋಡಿ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬರುತ್ತೋ ಅದೇ ಒದ್ದೆಯಾದದ್ದು. ಒಣಗಿಸಿ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ.

ಬೆಟ್ಟ: 110 ಕೆ.ಜಿ.ಯನ್ನು ನೂರಕ್ಕೆ 5ರ ಏರಿನಲ್ಲಿ ಗಂಟೆಗೆ 15 ಕಿ.ಮೀ. ಹತ್ತಿಸೋಕೆ ಚಕ್ರದಲ್ಲಿ 280 ವ್ಯಾಟ್ ಹತ್ತಿರ ಬೇಕು. ಮೋಟಾರು ಒಂದೇ ಅದನ್ನು ಬಹಳ ಹೊತ್ತು ಕೊಡಲಾರದು, ನೀವು 100 ವ್ಯಾಟಾದರೂ ತುಳಿಯಬೇಕು. ಹಗುರ ಗೇರು ಹಾಕಿ, ವೇಗ 12ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಅದಕ್ಕಿಂತ ನಿಧಾನವಾದರೆ ಕರೆಂಟು ಶಾಖವಾಗಿ ಹೋಗಿ ಒಳಗಿನ ನೈಲಾನ್ ಗೇರು ಮೆತ್ತಗಾಗಿ ಹಲ್ಲು ಕಳಚುತ್ತೆ. ಹಬ್ಬಿನ ಮೈ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ ಆರಲು ಬಿಡಿ. ಇಳಿಯುವಾಗ ಗೇರ್ಡ್ ಹಬ್ ಬ್ರೇಕಿನ ಕೆಲಸ ಮಾಡೋದಿಲ್ಲ, ಹೊರಡೋ ಮುಂಚೆ ಡಿಸ್ಕ್ ಪ್ಯಾಡು ಎಷ್ಟು ಉಳಿದಿದೆ ನೋಡ್ಕೊಳ್ಳಿ.