ತ್ರೀಡಿ ಪ್ರಿಂಟ್ ಕಾಂಕ್ರೀಟಿಗೆ ಹಳೇ ಪ್ಲಾಸ್ಟಿಕ್ ಎಳೆ: ಎಷ್ಟುದ್ದ, ಎಷ್ಟು ಪ್ರಮಾಣ?

ತಾರಿಹಾಳ_ಪ್ರಿಂಟ್:
ಕುಂಡ, ಗಾರ್ಡನ್ ಬೆಂಚ್ ಪ್ರಿಂಟ್ ಮಾಡೋ ಸಣ್ಣ ಯುನಿಟ್. ನಾಝಲ್ 25 ಮಿ.ಮೀ., ಪದರು 12 ಮಿ.ಮೀ., ಸ್ಕ್ರೂ ಪಂಪು. ಘನ ಮೀಟರಿಗೆ 53 ಗ್ರೇಡ್ ಸಿಮೆಂಟ್ 600 ಕೆ.ಜಿ., ಜೊತಿಗೆ ಫ್ಲೈ ಆ್ಯಶ್, ಜರಡಿ ಹಿಡಿದ ಎಂ-ಸ್ಯಾಂಡ್. ಬಾಟಲಿ ಕತ್ತರಿಸಿದ 20 ಮಿ.ಮೀ. ಪಟ್ಟಿ ಸಿಮೆಂಟ್ ತೂಕದ ಶೇ. 1ರಷ್ಟು ಹಾಕಿದ್ರ ಪೈಪು ಕಟ್ಟತೈತಿ. ಹಾಕದಿದ್ರ ಮಧ್ಯಾಹ್ನ ಪ್ರಿಂಟ್ ಮಾಡಿದ್ದು ಸಂಜಿಯೊಳಗ ಕೂದಲೆಳಿಯಂಥ ಬಿರುಕು ಬಿಡತೈತಿ. ಗೊಬ್ಬರದ ಚೀಲದ ಎಳಿ ನಡೀತೈತೇನ್ರಿ? ಎಳಿ ಹಾಕಿದ್ರ ಕಂಬಿ ಬಿಡಬಹುದಾ?

ಗಾರೆಲೆಕ್ಕ, ಧಾರವಾಡ:
ತೂಕದ ಲೆಕ್ಕ ಬಿಡ್ರಿ, ಗಾತ್ರದ ಲೆಕ್ಕ ಹಿಡೀರಿ. ಬಾಟಲಿಯ ಪ್ಲಾಸ್ಟಿಕ್ ಪೆಟ್, ಅದರ ಸಾಂದ್ರತೆ (ಲೀಟರಿಗೆ ಕೆ.ಜಿ.) 1.38; ಚೀಲದ ಪ್ಲಾಸ್ಟಿಕ್ ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಅದರದು 0.91. ನೀವು ಹಾಕಿದ 6 ಕೆ.ಜಿ. ಪೆಟ್ ಅಂದರೆ ಗಾತ್ರದಲ್ಲಿ ಶೇ. 0.43. ಅದೇ ತೂಕದ ಪಿಪಿ ಹಾಕಿದರೆ ಶೇ. 0.66! ನಿಮ್ಮ ನಾಝಲಿಗೆ ಎರಡೂ ಜಾಸ್ತಿ. ಶೇ. 0.1ರಿಂದ ಶುರು ಮಾಡಿ 0.2ಕ್ಕೆ ನಿಲ್ಲಿಸ್ರಿ. 50 ಲೀಟರ್ ಬ್ಯಾಚಿಗೆ ಶೇ. 0.2 ಅಂದರೆ ಪೆಟ್ 138 ಗ್ರಾಂ, ಪಿಪಿ ಆದರೆ 91 ಗ್ರಾಂ. ಉದ್ದ 6 ಮಿ.ಮೀ. ಸಾಕು, 12 ದಾಟಬೇಡ್ರಿ.

ಪೈಪು ಕಟ್ಟೋದಕ್ಕೆ ಉದ್ದ ಒಂದೇ ಕಾರಣ ಅಲ್ಲ. ಕತ್ತರಿಯಿಂದ ಕತ್ತರಿಸಿದ್ದು ಎಳೆ ಅಲ್ಲ, ಚಪ್ಪಟೆ ಪಟ್ಟಿ. ಪೈಪು ಸಣ್ಣದಾಗೋ ರೆಡ್ಯೂಸರ್ ಹತ್ತಿರ ಅದು ಅಡ್ಡ ನಿಲ್ಲುತ್ತದೆ. ಒತ್ತಡಕ್ಕೆ ನೀರು-ಸಿಮೆಂಟ್ ಹಾಲು ಮುಂದೆ ಹೋಗಿ, ಮರಳು ಹಿಂದೆ ಉಳಿದು ಬಿರಡೆ ಆಗುತ್ತದೆ. ಅಗಲ 1 ಮಿ.ಮೀ. ಒಳಗಿರಲಿ.

ಮೊದಲು ಒಣ ಮಿಶ್ರಣ, ಆಮೇಲೆ ನೀರು, ಪ್ಲಾಸ್ಟಿಸೈಸರ್ (ನೀರು ಏರಿಸದೆ ಗಾರೆ ಮೆತ್ತಗೆ ಮಾಡೋ ರಾಸಾಯನಿಕ). ಗಾರೆ ಮೆತ್ತಗಾದ ಮೇಲೆ, ಮಿಕ್ಸರ್ ತಿರುಗುತ್ತಿರುವಾಗಲೇ ಎಳೆಯನ್ನು ಬೆರಳಿಂದ ಬಿಡಿಸಿ ಉದುರಿಸಬೇಕು. ಹಿಡಿಗಟ್ಟಲೆ ಹಾಕಿದರೆ ಉಂಡೆಗಟ್ಟುತ್ತದೆ. ತಂಪು ಪಾನೀಯದ ಬಾಟಲಿ ಇದ್ದರೆ ಚೆನ್ನಾಗಿ ತೊಳೀರಿ, ಸಕ್ಕರೆ ಅಂಶ ಉಳಿದರೆ ಸಿಮೆಂಟ್ ಸೆಟ್ ಆಗೋದು ತಡ ಆಗಿ ಕೆಳಗಿನ ಪದರು ಕೂರುತ್ತದೆ.

ಹಾವೇರಿ_ಚೀಲ:
ಕುಂಡಕ್ಕ ನಾ ಆದ್ರ ಪಿಪಿನ ಅಂತೀನಿ. ಸಿಮೆಂಟಿನ ಒಳಗ ಪಿ.ಎಚ್. 12.5ರ ಮ್ಯಾಲ ಇರತೈತಿ. ಆ ಕ್ಷಾರಕ್ಕ ಪೆಟ್ ನಿಧಾನಕ್ಕ ಸವೀತೈತಿ, ಯಾವಾಗ್ಲೂ ಹಸೀ ಇರೋ ಕುಂಡದಾಗ ಇನ್ನೂ ಬೇಗ. ಪಿಪಿಗೆ ಕ್ಷಾರದ ಕಾಟ ಇಲ್ಲ.

ಆದ್ರ ಚೀಲ ಆರಿಸೋದ್ರಾಗ ಐತಿ ಎಲ್ಲಾ. ಬಿಸಲಾಗ ಬಿದ್ದ ಚೀಲ ಬ್ಯಾಡ. ಒಂದ ಎಳಿ ಉಗುರಿಲೆ ಗೀರ್‍ರಿ, ಪುಡಿ ಉದುರಿದ್ರ ಬಿಸಾಕ್ರಿ. ಒಳಗಿನ ತೆಳು ಪ್ಲಾಸ್ಟಿಕ್ ಲೈನರ್ ಕಿತ್ತು ತಗೀರಿ. ಪೊಟ್ಯಾಶ್ ಚೀಲ ಅಂತೂ ಮುಟ್ಟಬ್ಯಾಡ್ರಿ, ಅದರಾಗ ಕ್ಲೋರೈಡ್ ಇರತೈತಿ, ಕಂಬಿಗೆ ತುಕ್ಕು. ಖಾಲಿ ಸಿಮೆಂಟ್ ಚೀಲ ಎಲ್ಲಕ್ಕಿಂತ ಚಲೋ, ಝಾಡಿಸಿದ್ರ ಸಾಕು. ಪಟ್ಟಿ ಬಿಡಿಸಿ, ತಂತಿ ಬ್ರಶ್ಶಿಲೆ ಉದ್ದಕ್ಕ ಸೀಳಿ, ಆಮ್ಯಾಲ ಕತ್ತರಿಸ್ರಿ. ಸೀಳಿದ ಅಂಚಿಗೆ ಗಾರಿ ಹಿಡೀತೈತಿ, ನುಣುಪು ಪಟ್ಟಿ ಸುಮ್ಮನ ಜಾರಿ ಬರತೈತಿ.

ಗದಗ_ಪ್ರೀಕಾಸ್ಟ್:
ಕಂಬಿ ಬಿಡಬ್ಯಾಡ್ರಿ. ಎಳಿ ನಾಝಲ್ ಹೋದ ದಿಕ್ಕಿನಾಗ ಮಲಗತೈತಿ, ಒಂದ ಪದರದಿಂದ ಇನ್ನೊಂದಕ್ಕ ದಾಟಂಗಿಲ್ಲ. ಪದರು-ಪದರದ ನಡುವಿನ ಬೆಸುಗಿ ಎಳಿ ಹಾಕಿದ್ರೂ ಅಷ್ಟ, ಬಿಟ್ಟರೂ ಅಷ್ಟ. ಪ್ಲಾಸ್ಟಿಕ್ ಕಾಂಕ್ರೀಟಿಗಿಂತ ಎಷ್ಟೋ ಮೆತ್ತಗ, ಹಿಂಗಾಗಿ ಒತ್ತಡ ತಡೆಯೋ ಶಕ್ತಿ ಏರಂಗಿಲ್ಲ. ಗಾಳಿಗುಳ್ಳಿ ಸೇರಿದ್ರ ಇಳೀಬಹುದು. ಎಳಿ ಹಾಕಿದ್ದು, ಹಾಕದ್ದು ಎರಡೂ ಕ್ಯೂಬ್ (ಟೆಸ್ಟಿಗೆ ಅಚ್ಚಿನಾಗ ಹಾಕಿದ ಚೌಕ ತುಂಡು) ತೂಗಿ ನೋಡ್ರಿ, ಗಾಳಿ ಸೇರಿದ್ದು ಹಗುರ ಇರತೈತಿ. ಎಳಿಯ ಕೆಲಸ ಎರಡು: ಗಾರಿ ಹಸೀ ಇದ್ದಾಗ ಬೀಳೋ ಬಿರುಕು ತಡಿಯೋದು, ಒಡೆದ ಮ್ಯಾಲೂ ತುಂಡು ಹಿಡಿದು ನಿಲ್ಲಿಸೋದು.

ಟೆಸ್ಟಿಗೆ ಅಚ್ಚಿನಾಗ ಹಾಕಿದ ಕ್ಯೂಬ್ ಒಂದನ್ನ ನಂಬಬ್ಯಾಡ್ರಿ. ಪ್ರಿಂಟ್ ಆದ ಗೋಡಿಯಿಂದನ ತುಂಡು ಕೊಯ್ದು, ಪದರಿನ ಉದ್ದಕ್ಕ ಒಮ್ಮೆ, ಅಡ್ಡ ಒಮ್ಮೆ ಬಾಗಿಸಿ ಮುರೀರಿ.

ಇನ್ನ ನಿಮ್ಮ ಬಿರುಕಿಗೆ ಅರ್ಧ ಕಾರಣ ಗಾಳಿ. ಕಪ್ಪತಗುಡ್ಡದ ಕಡಿ ವಿಂಡ್‌ಮಿಲ್ ಸುಮ್ಮನ ನಿಲ್ಲಿಸಿಲ್ಲ! ಪ್ರಿಂಟಿಗೆ ಅಚ್ಚಿನ ಮರೆ ಇಲ್ಲ, ಎರಡೂ ಮಗ್ಗಲು ಬಯಲು. ಬೆಳಿಗ್ಗೆನ ಮುಗಿಸ್ರಿ, ಗಾಳಿ ಬರೋ ಕಡಿ ಶೀಟ್ ಕಟ್ರಿ, ಮೈ ಹೊಳಪು ಹೋಗೂದರಾಗ ಮಂಜಿನಂಗ ನೀರು ಸಿಂಪಡಿಸಿ ಪ್ಲಾಸ್ಟಿಕ್ ಹೊದಿಸ್ರಿ. ಹಸೀ ಗೋಣಿಚೀಲ ಹೊದಿಸೋದು ಮರುದಿನದಿಂದ.

ತಾರಿಹಾಳ_ಪ್ರಿಂಟ್:
ಎಳಿ ಬಿದ್ದ ಮ್ಯಾಲ ಗಾರಿ ಬಿಗೀತೈತಿ. ನೀರು ಸ್ವಲ್ಪ ಏರಿಸ್ಲ್ಯಾ?

ಗಾರೆಲೆಕ್ಕ, ಧಾರವಾಡ:
ಬೇಡ್ರಿ, ನೀರು ಏರಿಸಿದರೆ ಅದೇ ಬಿರುಕು ವಾಪಸ್. 50 ಲೀಟರಿಗೆ ಸಿಮೆಂಟ್ 30 ಕೆ.ಜಿ., ಅದಕ್ಕೆ ಪ್ಲಾಸ್ಟಿಸೈಸರ್ 30 ಗ್ರಾಂ ಮಾತ್ರ ಏರಿಸಿ ಒಂದು ನಿಮಿಷ ತಿರುಗಿಸಿ ನೋಡ್ರಿ. ಕಂಪನಿ ಹೇಳಿದ ಮಿತಿ ದಾಟಬೇಡ್ರಿ. ಮತ್ತೆ, ಪಂಪು ತೊಳೆದ ನೀರು ನೇರ ಗಟಾರಕ್ಕೆ ಬಿಡಬೇಡ್ರಿ. ಪಿಪಿ ತೇಲುತ್ತದೆ, ಪೆಟ್ ಮುಳುಗುತ್ತದೆ. ಬ್ಯಾರಲ್ಲಿನಲ್ಲಿ ತಂಗಿಸಿ, ಬಟ್ಟೆಯಲ್ಲಿ ಸೋಸಿ, ಸಿಕ್ಕ ಎಳೆ ಬೇರೆ ಇಡ್ರಿ.